ಹೂಂಗುಟ್ಟುವ ಕುರ್ಚಿ

ಹೊಲಿಗೆ ಯಂತ್ರ ರಿಪೇರಿಯ ಆ ಅಂಗಡಿಯಲ್ಲಿ ಎರಡು ಕುರ್ಚಿಗಳಿದ್ದವು. ಒಂದು ಗಿರಾಕಿಗಳದ್ದು. ಅದರ ಕಾಲು ಅಲುಗಾಡುತ್ತಿತ್ತು. ಯಾರೂ ಹೆಚ್ಚು ಹೊತ್ತು ಕೂರಬಾರದೆಂದೇ ಅದನ್ನು ಸರಿಮಾಡಿರಲಿಲ್ಲ. ಇನ್ನೊಂದು ಅಕ್ಕನದು. ಅದಕ್ಕೆ ಹಳೇ ಕೋಟಿನ ಬಟ್ಟೆಯಲ್ಲಿ ಹೊಲಿದ ದಿಂಬಿತ್ತು, ಪಕ್ಕದಲ್ಲಿ ಗುಂಡಿಗಳ ಡಬ್ಬಿಯಿತ್ತು. ಹರಿದ ಅಂಗಿಗಳಿಂದ ಗುಂಡಿ ಬಿಚ್ಚಿ, ಬಣ್ಣ ನೋಡಿ ಬೇರೆ ಮಾಡಿ, ಡಬ್ಬಿಗೆ ಹಾಕುವುದು ಅಕ್ಕನ ಕೆಲಸ ಎಂದು ನೋಡುವವರು ತಿಳಿಯುತ್ತಿದ್ದರು. ಅದು ಕೈಗೆ ಒಂದು ನೆಪ ಅಷ್ಟೆ. ಅವಳ ಕೆಲಸ ಹೂಂಗುಟ್ಟುವುದು.

ಅವಳ ತಮ್ಮನೇ ಅಂಗಡಿಯ ಮಾಲೀಕ, ಮೆಕ್ಯಾನಿಕ್, ಕಸ ಗುಡಿಸುವವನು, ಎಲ್ಲ. ಬೀದಿಯವರಿಗೆ ಅವನು ಮಿಷನ್ ಮಾಮ. ಸುಲಭದ ರಿಪೇರಿಗಳನ್ನು ಅವನು ಬಾಯಿ ಮುಚ್ಚಿಕೊಂಡೇ ಮುಗಿಸುತ್ತಿದ್ದ. ಕಷ್ಟದ್ದು ಬಂತೋ, ಯಂತ್ರವನ್ನು ಮಗ್ಗುಲಿಗೆ ಮಲಗಿಸಿ, ಮೂಗು ಅದರ ಹೊಟ್ಟೆಗೆ ತಾಗುವಷ್ಟು ಬಗ್ಗಿ, ಕಥೆ ಶುರುಮಾಡುತ್ತಿದ್ದ.

"ಈಗ ನೋಡಕ್ಕಾ, ದಾರ ಮೇಲಿಂದ ಇಳೀತು."

"ಹೂಂ."

"ಸೂಜಿ ಅದನ್ನ ಕೆಳಕ್ಕೆ ಕರ್ಕೊಂಡು ಹೋಯ್ತು. ಕೆಳಗೆ ಕೊಕ್ಕೆ ಕಾಯ್ತಾ ಇದೆ, ಅಳಿಯ ಬಂದ್ನಾ, ಬಂದ್ನಾ ಅಂತ. ಬಂದ. ಆದ್ರೆ ಕೊಕ್ಕೆ ಕೈ ಹಿಡಿಯೋ ಹೊತ್ತಿಗೆ ವಾಪಸ್ ಹೊರಟೇಬಿಟ್ಟ. ಯಾಕೆ ಹೊರಟ? ಮರ್ಯಾದೆ ಕಮ್ಮಿ ಆಯ್ತಾ? ಇಲ್ವಲ್ಲ. ಮತ್ತೆ..."

ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಲ್ಲುತ್ತಿತ್ತು.

"ಹೂಂ," ಎನ್ನುತ್ತಿದ್ದಳು ಅಕ್ಕ.

"ಹಾಂ! ಸಿಕ್ತು!"

ಏನು ಸಿಕ್ಕಿತೆಂದು ಅವನು ಹೇಳುತ್ತಿರಲಿಲ್ಲ, ಅವಳು ಕೇಳುತ್ತಿರಲಿಲ್ಲ. ಯಂತ್ರ ಓಡುತ್ತಿತ್ತು, ಅಷ್ಟು ಸಾಕಾಗಿತ್ತು.

ಹಾಗಂತ ಯಾರು ಬೇಕಾದರೂ ಆ ಕುರ್ಚಿಯಲ್ಲಿ ಕೂತು ಹೂಂಗುಟ್ಟಲು ಆಗುತ್ತಿರಲಿಲ್ಲ. ಒಮ್ಮೆ ಅಕ್ಕ ಜ್ವರ ಬಂದು ಮಲಗಿದಾಗ ಪಕ್ಕದ ಜೆರಾಕ್ಸ್ ಅಂಗಡಿಯವನನ್ನು ಕೂರಿಸಿ ನೋಡಿದ್ದಾಯಿತು. ಅವನು ಎರಡನೇ ಮಾತಿಗೇ "ನಿಮ್ಮ ಅಳಿಯನಿಗೆ ಎಣ್ಣೆ ಹಾಕಿ ಸ್ವಾಮಿ, ಸರಿಹೋಗ್ತಾನೆ" ಎಂದು ತೀರ್ಪು ಕೊಟ್ಟ. ತಮ್ಮ ತನ್ನ ಹೆಂಡತಿಯನ್ನು ಕೂರಿಸಿದರೆ ಅವಳು ಅರ್ಧದಲ್ಲಿ "ರೀ, ಬರೋವಾಗ ಸೋಪು ತನ್ನಿ" ಎಂದಳು. ಅಷ್ಟು ಹೊತ್ತು ಎಳೆದ ಎಳೆಯೆಲ್ಲ ತುಂಡಾಗಿ ಹೋಯಿತು.

"ತಲೇಲಿರೋ ಯೋಚನೆ ದಾರದುಂಡೆ ಇದ್ದ ಹಾಗೆ ಕಣಯ್ಯಾ," ಎಂದು ತಮ್ಮ ಜೆರಾಕ್ಸಿನವನಿಗೆ ತಿಳಿಹೇಳಿದ್ದ. "ಉಂಡೆ ನೋಡಿದ್ರೆ ಗಂಟು ಕಾಣ್ಸುತ್ತಾ? ಬಾಯಿಂದ ಎಳೀಬೇಕು. ಎಳೆಯೋಕೆ ಆ ಕಡೆ ತುದಿ ಯಾರಾದ್ರೂ ಹಿಡ್ಕೊಂಡಿರಬೇಕು. ಹಿಡ್ಕೊಂಡಿರಬೇಕು ಅಷ್ಟೆ. ಅವರೂ ಎಳೆದ್ರೆ ಕೆಟ್ಟಿತು."

ಅಕ್ಕನ ಮಗಳು ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಕೆಲಸಕ್ಕಿದ್ದಳು. ಹಗಲೆಲ್ಲ ಬೇರೆಯವರ ಕಿವಿ ಪರೀಕ್ಷೆ ಮಾಡುವವಳಿಗೆ ಮನೆಯ ಕಿವಿಯ ಮೇಲೆ ಅನುಮಾನ ಬಂದದ್ದು ತಡವಾಗಿಯೇ. ಒಂದು ಬೆಳಿಗ್ಗೆ ತಾಯಿಯ ಬೆನ್ನ ಹಿಂದೆ ನಿಂತು "ಅಮ್ಮಾ, ಟೀನಾ ಕಾಫಿನಾ?" ಎಂದಳು. "ಹೂಂ" ಎಂದಳು ತಾಯಿ. ಮಗಳು ಒಂದು ಕ್ಷಣ ಯೋಚಿಸಿ, ಅದೇ ದನಿಯಲ್ಲಿ, "ಅಮ್ಮಾ, ಮನೆಗೆ ಬೆಂಕಿ ಬಿದ್ದಿದೆ" ಎಂದಳು.

"ಹೂಂ," ಎಂದಳು ತಾಯಿ ಶಾಂತವಾಗಿ.

ಪರೀಕ್ಷೆಯಲ್ಲಿ ತಿಳಿದದ್ದೇನೆಂದರೆ, ಅಕ್ಕನ ಕಿವಿ ಹಲವು ವರ್ಷಗಳಿಂದ ಸ್ವಲ್ಪಸ್ವಲ್ಪವಾಗಿ ಕೈಕೊಡುತ್ತ ಬಂದಿತ್ತು. ಎದುರು ನಿಂತು ಮಾತಾಡಿದರೆ ತುಟಿ ನೋಡಿ ಎಲ್ಲವನ್ನೂ ಹಿಡಿದುಬಿಡುತ್ತಿದ್ದಳು. ಅಷ್ಟು ಚೆನ್ನಾಗಿ ಹಿಡಿಯುತ್ತಿದ್ದಳೆಂದರೆ ಅವಳಿಗೂ ತನಗೆ ಕೇಳಿಸುತ್ತಿದೆಯೆಂದೇ ನಂಬಿಕೆಯಿತ್ತು. ಮುಖ ಆ ಕಡೆ ತಿರುಗಿತೋ, ಉಳಿಯುವುದು ಗುಂಯ್ ಎನ್ನುವ ಸದ್ದು ಮಾತ್ರ.

ಮಗಳು ಅಂಗಡಿಗೆ ಬಂದು ವಿಷಯ ಹೇಳಿದಾಗ ಅಕ್ಕನೂ ಜೊತೆಗಿದ್ದಳು. ಜೆರಾಕ್ಸಿನವನೂ ಇದ್ದ, ಸುದ್ದಿ ಇದ್ದಲ್ಲಿ ಅವನಿಲ್ಲದೆ ಇರುವುದುಂಟೆ? ತಮ್ಮ ಕೈಯಲ್ಲಿದ್ದ, ದಾರ ಸುತ್ತುವ ಬಾಬಿನ್ ಕೆಳಗಿಟ್ಟು ಅಕ್ಕನ ಎದುರು ಬಂದು ನಿಂತ.

"ಹಾಗಾದ್ರೆ ನಾನು ಇಷ್ಟು ವರ್ಷ ಹೇಳಿದ್ದು?"

"ನೀನೆಲ್ಲಿ ನಂಗೆ ಹೇಳ್ತಿದ್ದೆ? ತಲೆ ಬಗ್ಗಿಸ್ಕೊಂಡು ಮಿಷನ್ನಿಗೆ ಹೇಳ್ತಿದ್ದೆ ಕಣೋ. ಮುಖ ಕಂಡ್ರೆ ತಾನೆ ನಂಗೆ ತಿಳಿಯೋದು."

"ಮತ್ತೆ ಹೂಂ ಅಂತಿದ್ಯಲ್ಲ!"

"ಸ್ಕ್ರೂಡ್ರೈವರ್ ನಿಂತಾಗ ಅಂತಿದ್ದೆ. ಅದು ನಿಂತ್ರೆ ನೀನು ಎಲ್ಲೋ ಸಿಕ್ಕಾಕ್ಕೊಂಡಿದೀಯ ಅಂತ. ಗಾಡಿ ಹಳ್ಳಕ್ಕೆ ಬಿದ್ರೆ ಹಿಂದಿಂದ ಸ್ವಲ್ಪ ತಳ್ಳಲ್ವಾ, ಹಾಗೆ."

ಜೆರಾಕ್ಸಿನವನು ನಗು ತಡೆಯಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಕಿವುಡನ ಮುಂದೆ ಕಿನ್ನರಿ ಅಂತಾರೆ. ನೀವು ಕಿನ್ನರಿ ಬಾರಿಸಿ ಬಾರಿಸಿ ಅಂಗಡಿನೇ ನಡೆಸಿಬಿಟ್ರಲ್ಲ ಮಾಮ!"

ತಮ್ಮನೂ ನಕ್ಕ. ಆದರೆ ನಕ್ಕಾದ ಮೇಲೆ ಬಾಬಿನ್ನನ್ನು ಎಲ್ಲಿಟ್ಟೆನೆಂದು ತುಸು ಹೊತ್ತು ಹುಡುಕಿದ. ಅದು ಕಣ್ಣೆದುರೇ ಇತ್ತು.

ಕಿವಿಯ ಮಿಷನ್ ಬಂತು. ಕಡಲೆಕಾಳಿನಷ್ಟು ಚಿಕ್ಕವು ಎರಡು, ಒಂದೊಂದು ಕಿವಿಗೆ ಒಂದೊಂದು. ಅಕ್ಕನಿಗೆ ಮೊದಲ ವಾರವೆಲ್ಲ ಹಬ್ಬ. ಬಕೆಟ್ಟಿಗೆ ನೀರು ಬೀಳುವುದು, ಕಾಗದ ಮಡಿಸುವುದು, ಡಬ್ಬಿಯೊಳಗೆ ಗುಂಡಿ ಬೀಳುವುದು, ಎಲ್ಲಕ್ಕೂ ತಲೆ ತಿರುಗಿಸುತ್ತಿದ್ದಳು. ಲೋಹದ ಗುಂಡಿಗೂ ಪ್ಲಾಸ್ಟಿಕ್ ಗುಂಡಿಗೂ ಸದ್ದಿನಲ್ಲಿರುವ ವ್ಯತ್ಯಾಸವನ್ನು ಬಂದವರಿಗೆಲ್ಲ ಹಾಕಿ ತೋರಿಸಿದಳು. ಜೆರಾಕ್ಸ್ ಯಂತ್ರ ಇಷ್ಟು ಗಲಾಟೆ ಮಾಡುತ್ತದೆಂದು ಗೊತ್ತೇ ಇರಲಿಲ್ಲವಂತೆ. "ಅದಕ್ಕೂ ಎಣ್ಣೆ ಹಾಕ್ಸಪ್ಪಾ," ಎಂದು ಅವನಿಗೆ ಹಳೆಯದನ್ನು ತಿರುಗಿಸಿಕೊಟ್ಟಳು.

ತಮ್ಮನ ಕಥೆ ಅವಳಿಗೆ ಮೊದಲ ಸಲ ಕೇಳಿಸಿತು. ಅವಳಿಗೆ ಅದು ಬಹಳ ಹಿಡಿಸಿತು. ತೊಂದರೆ ಶುರುವಾದದ್ದೇ ಅಲ್ಲಿ.

"ದಾರ ಮೇಲಿಂದ ಇಳೀತು..."

"ಹೂಂ. ಎಲ್ಲಿಂದ ಇಳೀತು?"

"ಮೇಲಿಂದ ಅಕ್ಕಾ. ಸೂಜಿ ಅದನ್ನ ಕೆಳಕ್ಕೆ..."

"ಅಳಿಯ ಅಂದ್ರೆ ದಾರಾನಾ, ಸೂಜಿನಾ?"

"ದಾರ."

"ಅಯ್ಯೋ, ನಾನು ಸೂಜಿ ಅಂದ್ಕೊಂಡಿದ್ದೆ. ಹೂಂ, ಹೇಳು ಹೇಳು."

ಪ್ರಶ್ನೆ ಇಲ್ಲದಾಗಲೂ ಹೂಂ ಮೊದಲಿನ ಹಾಗೆ ಬರುತ್ತಿರಲಿಲ್ಲ. ಮೊದಲು ಅದು ಕೈ ನಿಂತಾಗ ಬರುತ್ತಿತ್ತು; ಈಗ ಮಾತು ಮುಗಿದಾಗ ಬರತೊಡಗಿತು. ಮಾತು ಮುಗಿಯುವುದೇ ಬೇರೆ, ಯೋಚನೆ ಕಟ್ಟಿಕೊಳ್ಳುವುದೇ ಬೇರೆ ಎಂಬುದು ಇಬ್ಬರಿಗೂ ತಿಳಿಯಲಿಲ್ಲ. ತಮ್ಮನಿಗೆ ತಿಳಿದದ್ದು ಇಷ್ಟೆ: ಬಾಯಿ ಬಿಟ್ಟರೆ ತಾನು ಪರೀಕ್ಷೆಗೆ ಕೂತ ಹಾಗಾಗುತ್ತದೆ. ಯಾರೋ ಕೇಳುತ್ತಿದ್ದಾರೆ. ತಪ್ಪು ಹೇಳಿದರೆ ಅವರಿಗೆ ತಿಳಿಯುತ್ತದೆ. ಹಾಗನ್ನಿಸಿದ್ದೇ ತಡ, ಅವನು ತನಗೆ ಗೊತ್ತಿದ್ದದ್ದನ್ನು ಮಾತ್ರ ಹೇಳತೊಡಗಿದ. ಗೊತ್ತಿಲ್ಲದ್ದರ ಹತ್ತಿರ ಕಥೆ ಹೋಗಲೇ ಇಲ್ಲ.

ಅದೇ ಹೊತ್ತಿಗೆ ಸಮವಸ್ತ್ರ ಹೊಲಿಯುವ ಕಾರ್ಖಾನೆಯ ಯಂತ್ರ ಕೆಟ್ಟಿತು. ಅಲ್ಲಿನ ಎಲ್ಲ ಯಂತ್ರಗಳ ಉಸ್ತುವಾರಿ ತಮ್ಮನದೇ; ಅಂಗಡಿ ನಿಂತಿದ್ದದ್ದೇ ಆ ಒಂದು ಕೆಲಸದ ಮೇಲೆ. ಬಾಗಿಲ ಪಕ್ಕದ ಸಾಲಿನ ಒಂದು ಯಂತ್ರ ನಡುನಡುವೆ ಹೊಲಿಗೆ ಬಿಡುತ್ತಿತ್ತು. ಸ್ವಲ್ಪ ದೂರ ಚೆನ್ನಾಗಿ ಹೊಲಿಯುವುದು, ಆಮೇಲೆ ಬಾಯಲ್ಲಿ ಹಲ್ಲು ಉದುರಿದ ಹಾಗೆ ಒಂದು ಹೊಲಿಗೆ ಇಲ್ಲ. ತಮ್ಮ ಹೋಗಿ ಬಿಚ್ಚಿದ, ಕೊಕ್ಕೆಯ ಹೊಂದಾಣಿಕೆ ಸರಿಮಾಡಿದ, ಓಡಿಸಿ ನೋಡಿದ. ಚೆನ್ನಾಗಿತ್ತು. ಅವನು ಅಂಗಡಿ ತಲುಪುವ ಮೊದಲೇ ಫೋನು ಬಂತು: ಮತ್ತೆ ಬಿಡುತ್ತಿದೆ. ಇನ್ನೊಮ್ಮೆ ಹೋದ. ಸೂಜಿ ಬದಲಿಸಿದ, ಕೊಕ್ಕೆ ಬದಲಿಸಿದ. ಚೆನ್ನಾಗಿತ್ತು. ಮತ್ತೆ ಫೋನು. ಕೊನೆಗೆ ಯಂತ್ರದ ತಲೆಯನ್ನೇ ಮೇಜಿನಿಂದ ಬಿಚ್ಚಿ ಅಂಗಡಿಗೆ ತಂದ. ಅಂಗಡಿಯಲ್ಲಿ ಅದು ಒಂದು ಹೊಲಿಗೆಯನ್ನೂ ಬಿಡಲಿಲ್ಲ.

ಕಾರ್ಖಾನೆಯ ಸೂಪರ್‌ವೈಸರಮ್ಮ ಸ್ವತಃ ಬಂದಳು. ಅಲುಗಾಡುವ ಕುರ್ಚಿಯಲ್ಲಿ ಕೂತು, ಅಲುಗಾಡಿ, ಎದ್ದುನಿಂತಳು.

"ಮಾಮ, ನಿಮ್ಮ ಮೇಲೆ ಗೌರವ ಇದೆ. ಆದ್ರೆ ಗೌರವದಿಂದ ಅಂಗಿ ಹೊಲಿಯೋಕೆ ಆಗಲ್ಲ. ಸೋಮವಾರ ಸಂಜೆ ಒಳಗೆ ಇದೊಂದು ಸರಿಹೋಗ್ಲಿಲ್ಲ ಅಂದ್ರೆ ಎಲ್ಲಾ ಮಿಷನ್ನಿನ ರಿಪೇರೀನೂ ಮಿಷನ್ ಕಂಪನಿಯವರ ಕೈಗೇ ಕೊಡ್ತೀವಿ ಅಂತ ಮಾಲೀಕರು ಹೇಳಿದಾರೆ."

"ಮಿಷನ್ನಲ್ಲಿ ಏನೂ ಇಲ್ಲಮ್ಮಾ. ನೀವೇ ನೋಡಿ, ಇಲ್ಲಿ ಬೆಣ್ಣೆ ಹಾಗೆ ಓಡುತ್ತೆ."

"ಹಾಗಿದ್ರೆ ನಮ್ಮ ಹೆಂಗಸರನ್ನೆಲ್ಲ ಇಲ್ಲಿಗೇ ಕಳಿಸ್ಲಾ, ನಿಮ್ಮ ಅಂಗಡೀಲೇ ಕೂತು ಹೊಲೀತಾರೆ?"

ಅವಳು ಹೋದ ಮೇಲೆ ಅಕ್ಕ ಕೇಳಿದಳು: "ಅಲ್ವೋ, ಆ ಮಿಷನ್ನು ಅಲ್ಲಿ ಎಲ್ಲಿ ಕೂತಿರುತ್ತೆ?"

"ಎಲ್ಲಿ ಕೂತ್ರೇನಕ್ಕಾ! ತೊಂದ್ರೆ ಇರೋದು ಮಿಷನ್ನಿನ ಹೊಟ್ಟೇಲಿ. ಸುಮ್ನಿರು ಸ್ವಲ್ಪ."

ಅವನು ಯಂತ್ರವನ್ನು ಮಗ್ಗುಲಿಗೆ ಮಲಗಿಸಿ, "ದಾರ ಮೇಲಿಂದ ಇಳೀತು" ಎಂದ. ಅಲ್ಲಿಗೆ ನಿಂತ. ಈ ಸಲ ಅಕ್ಕ ಹೂಂ ಎನ್ನಲಿಲ್ಲ, ಸುಮ್ಮನಿರು ಎಂದಿದ್ದನಲ್ಲ.

ಭಾನುವಾರ ಮಧ್ಯಾಹ್ನ ತಮ್ಮ ಅಕ್ಕನ ಮನೆಗೆ ಹೋದ. ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮಗಳು ಹೊರಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಅವನು ಕೂತು, ಒಂದು ಟವೆಲ್ ಎತ್ತಿಕೊಂಡು ತಾನೂ ಮಡಚತೊಡಗಿದ. ಅದನ್ನು ಎರಡು ಸಲ ಬಿಚ್ಚಿ ಮಡಚಿದ.

"ಒಂದು ಮಾತು. ಅಂಗಡೀಲಿದ್ದಾಗ ಮಾತ್ರ, ಬೆಳಗ್ಗೆ ಹೊತ್ತು, ಅಕ್ಕ ಅದನ್ನ ತೆಗೆದಿಟ್ರೆ ಆಗುತ್ತಾ?"

"ಯಾವುದನ್ನ?"

"ಕಿವೀದು."

ಮಗಳ ಕೈ ನಿಂತಿತು. "ಯಾಕೆ ಮಾಮ?"

"ಅವಳಿಗೆ ಕೇಳಿಸೋಕೆ ಶುರುವಾದ ಮೇಲೆ ನಂಗೆ ಏನೂ ಹೊಳೀತಾ ಇಲ್ಲ. ನಾಳೆಗೆ ಆ ಮಿಷನ್ ಆಗ್ಲಿಲ್ಲ ಅಂದ್ರೆ ಅಂಗಡಿ ಮುಚ್ಚೋದೇ. ಮನೆಗೆ ಬಂದ್ಮೇಲೆ ಹಾಕ್ಕೊಳ್ಲಿ. ಯಾರು ಬೇಡ ಅಂದ್ರು?"

"ಅಂದ್ರೆ ನಿಮ್ಮ ಮಿಷನ್ ಓಡ್ಲಿ ಅಂತ ಅಮ್ಮ ಕಿವುಡಿ ಆಗಿರಬೇಕು."

"ಹಾಗಲ್ಲ..."

"ಹಾಗೇ ಮಾಮ. ಬೇರೆ ತರ ಹೇಳೋಕೆ ಬಂದ್ರೆ ಹೇಳಿ ನೋಡೋಣ."

ಅವನು ಟವೆಲನ್ನು ಮತ್ತೆ ಬಿಚ್ಚಿ ಮಡಚತೊಡಗಿದ. ಆಗ ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು, ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತು ಬಹಳ ಹೊತ್ತಾಗಿತ್ತು. ಆ ಮನೆಯಲ್ಲಿ ಅಕ್ಕನ ಬೆನ್ನ ಹಿಂದೆ ಮಾತಾಡಿದರೆ ಗೋಡೆಯ ಮುಂದೆ ಮಾತಾಡಿದ ಹಾಗೆ ಎಂಬುದು, ಕಾರಣ ಗೊತ್ತಿಲ್ಲದೆಯೇ ಬೆಳೆದ, ಎಷ್ಟೋ ವರ್ಷಗಳ ಅಭ್ಯಾಸ. ಗೋಡೆಗೆ ಕಿವಿ ಬಂದದ್ದನ್ನು ಇಬ್ಬರೂ ಮರೆತಿದ್ದರು. ಆ ಕಿವಿ ಹೊಂದಿಸಿಕೊಟ್ಟ ಮಗಳೂ ಮರೆತಿದ್ದಳು.

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು, "ಆ ಟವೆಲ್ ಇಲ್ಲಿ ಕೊಡೋ, ಮಡಚಿದ್ದು ಸಾಕು," ಎಂದಳು.

ಸೋಮವಾರ ತಮ್ಮ ಬರುವ ಹೊತ್ತಿಗೆ ಅವಳು ಅಂಗಡಿಯ ಮುಂದೆ ನಿಂತಿದ್ದಳು. ಬಾಗಿಲು ತೆಗೆದ ಮೇಲೆ ತನ್ನ ಕುರ್ಚಿಯಲ್ಲಿ ಕೂತು, ಎರಡೂ ಕಿವಿಯಿಂದ ಮಿಷನ್ ತೆಗೆದು, ಗುಂಡಿಯ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು.

"ಹೇಳು," ಎಂದಳು.

ತಮ್ಮ ಯಂತ್ರದ ಮುಂದೆ ಹೋದ. ಬಗ್ಗಿದ. "ದಾರ ಮೇಲಿಂದ..." ಎಂದ. ಬೆನ್ನ ಹಿಂದೆ ಅಕ್ಕ ತನ್ನ ಕೈಯನ್ನೇ ನೋಡುತ್ತಿದ್ದಾಳೆಂದು ಅವನಿಗೆ ಈಗ ಗೊತ್ತಿತ್ತು. ಗೊತ್ತಿದ್ದ ಮೇಲೆ ಕೈ ತನ್ನ ಪಾಡಿಗೆ ತಾನು ನಿಲ್ಲುವುದೆಂತು? ಅವನೇ ಒಂದು ಕಡೆ ಬೇಕೆಂದು ನಿಲ್ಲಿಸಿದ. ಹೂಂ ಬಂತು. ಖಾಲಿ ಹೂಂ. ಇನ್ನೊಂದು ಕಡೆ ನಿಲ್ಲಿಸಿದ. ಅಲ್ಲೂ ಬಂತು. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ ಹಾಗಿತ್ತು.

ಅವನು ಯಂತ್ರ ಬಿಟ್ಟು ತಿರುಗಿದ. ಅಲುಗಾಡುವ ಕುರ್ಚಿಯನ್ನು ಎಳೆದುಕೊಂಡು ಬಂದು ಅಕ್ಕನ ಎದುರಿಗೆ ಕೂತ.

"ಆಗಲ್ಲ ಅಕ್ಕಾ. ಹಾಕ್ಕೋ ಅದನ್ನ. ನಿನ್ನೆ ಹಾಗಂದಿದ್ದು ತಪ್ಪು."

"ಹಾಕ್ಕೋತೀನಿ. ಮೊದ್ಲು ನಾನು ಕೇಳಿದ್ದಕ್ಕೆ ಹೇಳು. ಆ ಮಿಷನ್ನು ಅಲ್ಲಿ ಎಲ್ಲಿ ಕೂತಿರುತ್ತೆ?"

ಅವಳಿಗೆ ಅವನ ಮಾತು ತಿಳಿದಿತ್ತು. ಮುಖ ಎದುರಿಗಿತ್ತಲ್ಲ. ಅವಳನ್ನು ಗೋಡೆ ಮಾಡಬೇಕೆಂದರೆ ಕಿವಿ ಮುಚ್ಚಿದರೆ ಸಾಲದು, ತಾನೂ ಬೆನ್ನು ತಿರುಗಿಸಿಯೇ ಇರಬೇಕು ಎಂದು ತಮ್ಮನಿಗೆ ಅನ್ನಿಸಿತು. ಅವನು ನಿಟ್ಟುಸಿರು ಬಿಟ್ಟ.

"ಅಷ್ಟು ಆಸೆ ಇದ್ರೆ ಕೇಳು. ಬಾಗಿಲು ಇಲ್ಲಿದೆ." ಸ್ಕ್ರೂಡ್ರೈವರಿನಿಂದ ಗಾಳಿಯಲ್ಲಿ ಬಾಗಿಲು ಬರೆದ. "ಮೊದ್ಲು ಇದು ಗೋಡೆ ಹತ್ರ ಇತ್ತು. ಬಟ್ಟೆ ಕತ್ತರಿಸೋ ಮೇಜು ದೊಡ್ಡದು ಈಚೆಗೆ ತಂದ್ರು ನೋಡು, ಅವಾಗ ಈ ಸಾಲನ್ನ ಮಧ್ಯಕ್ಕೆ ಎಳೆದ್ರು. ಹಿಂದೆ ಬಟ್ಟೆ ರಾಶಿ. ಮೇಲೆ ಫ್ಯಾನು. ದಾರದ ಉರುಳೆ ಇಲ್ಲಿ, ಕಂಬಿ ಮೇಲೆ."

"ನೀನು ಹೋಗಿ ಏನ್ಮಾಡ್ತೀಯ?"

"ಏನ್ಮಾಡ್ತೀನಿ, ಬಿಚ್ತೀನಿ."

"ಹೋದ ತಕ್ಷಣ ಬಿಚ್ತೀಯಾ? ಚಪ್ಪಲಿ ಎಲ್ಲಿ ಬಿಡ್ತೀಯ, ಚೀಲ ಎಲ್ಲಿ ಇಡ್ತೀಯ? ನಾನು ನೋಡಿಲ್ವಲ್ಲೋ ಅದನ್ನ. ನಂಗೆ ಕಾಣೋ ಹಾಗೆ ಹೇಳು."

"ಅಕ್ಕಾ, ನೀನು ಸಣ್ಣ ಮಗು ಆದೆ ನೋಡು. ಹೋಗ್ತೀನಿ. ಚೀಲ ಕೆಳಗಿಡ್ತೀನಿ. ನೆಲದ ಮೇಲೆ ಪೇಪರ್ ಹಾಸ್ತೀನಿ, ಸ್ಕ್ರೂ ಇಡೋಕೆ. ಪೇಪರ್ ಹಾರುತ್ತಲ್ಲ, ಅದಕ್ಕೆ, ಫ್ಯಾನ್ ಆರಿಸ್ರಮ್ಮಾ ಅಂತೀನಿ..."

ಸ್ಕ್ರೂಡ್ರೈವರ್ ಗಾಳಿಯಲ್ಲಿ ನಿಂತಿತು.

ಅವನು ಬೇಕೆಂದು ನಿಲ್ಲಿಸಿದ್ದಲ್ಲ. ಅಕ್ಕನ ಕಣ್ಣು ಅದರ ತುದಿಯ ಮೇಲಿತ್ತು.

"ಹೂಂ," ಎಂದಳು.

"ಫ್ಯಾನ್ ಆರಿಸ್ತೀನಿ," ಎಂದ ತಮ್ಮ ಮೆಲ್ಲಗೆ. "ನಾನು ಇರೋವಾಗೆಲ್ಲ ಫ್ಯಾನ್ ಆರಿರುತ್ತೆ. ನಾನು ಹೊರಟ ಮೇಲೆ ಹಾಕ್ತಾರೆ."

ಅವನು ಎದ್ದ ರಭಸಕ್ಕೆ ಕುರ್ಚಿ ಮಗುಚಿ ಬಿತ್ತು.

ಕಾರ್ಖಾನೆಗೆ ಇಬ್ಬರೂ ಹೋದರು; ಯಂತ್ರದ ತಲೆ ತಮ್ಮನ ಕೈಯಲ್ಲಿ, ಸಲಕರಣೆಯ ಚೀಲ ಅಕ್ಕನ ಕೈಯಲ್ಲಿ. ಅವನು ತಲೆಯನ್ನು ಮೇಜಿಗೆ ಕೂರಿಸಿದ. ಸೂಪರ್‌ವೈಸರಮ್ಮ ಅಭ್ಯಾಸದಂತೆ ಫ್ಯಾನ್ ಆರಿಸಲು ಹೋದಳು.

"ಬೇಡಮ್ಮಾ. ಓಡ್ಲಿ. ಜೋರಾಗೇ ಓಡ್ಲಿ."

ಎಲ್ಲರೂ ಉರುಳೆಯನ್ನೇ ನೋಡುತ್ತ ನಿಂತರು. ಹೊಲಿಯುವಾಕೆ ಯಂತ್ರ ಓಡಿಸಿದಳು. ತೆಳುವಾದ ದಾರ ಉರುಳೆಯಿಂದ ಏಳುತ್ತಲೇ ಗಾಳಿಗೆ ಪಕ್ಕಕ್ಕೆ ತೂರಾಡಿ, ಕಂಬಿಗೆ ಒಂದು ಸುತ್ತು ಸುತ್ತಿಕೊಂಡಿತು, ಬಿಗಿಯಾಯಿತು, ಬಿಡಿಸಿಕೊಂಡಿತು. ಬಟ್ಟೆಯಲ್ಲಿ ಒಂದು ಹಲ್ಲು ಉದುರಿತು.

"ಇಷ್ಟೇನಾ!" ಎಂದಳು ಹೊಲಿಯುವಾಕೆ.

ತಮ್ಮ ಸುತ್ತ ನೋಡಿದ. ಯಾರೋ ಕುಡಿದು ಬಿಟ್ಟ ನೀರಿನ ಪ್ಲಾಸ್ಟಿಕ್ ಬಾಟಲಿ ಕಿಟಕಿಯಲ್ಲಿತ್ತು. ಅದರ ತಳ ಕತ್ತರಿಸಿ, ಉರುಳೆಯ ಮೇಲೆ ಟೋಪಿಯಂತೆ ಕವುಚಿ, ದಾರವನ್ನು ಬಾಟಲಿಯ ಬಾಯಿಂದ ಹೊರಗೆ ತೆಗೆದ. ಫ್ಯಾನ್ ತಿರುಗುತ್ತಲೇ ಇತ್ತು. ಆಕೆ ಒಂದು ಅಂಗಿಯ ಬದಿ ಪೂರ್ತಿ ಹೊಲಿದಳು, ಇನ್ನೊಂದು ಬದಿ ಹೊಲಿದಳು. ಹೊಲಿಗೆ ಇರುವೆ ಸಾಲಿನ ಹಾಗೆ ಹೋಯಿತು.

ಸೂಪರ್‌ವೈಸರಮ್ಮ ಬಾಟಲಿಯನ್ನೂ ಅವನನ್ನೂ ನೋಡಿದಳು. "ಅಲ್ಲ ಮಾಮ, ಕೊಕ್ಕೆ ಬದಲಾಯಿಸಿದ್ರಿ, ಸೂಜಿ ಬದಲಾಯಿಸಿದ್ರಿ, ತಲೆನೇ ಹೊತ್ಕೊಂಡು ಹೋದ್ರಿ. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತಲ್ಲ!"

"ನಾನು ಹುಡುಕೋಕೆ ಬಂದಾಗೆಲ್ಲ ಕೂಸನ್ನ ನಾನೇ ಆಚೆ ಕಳಿಸ್ತಿದ್ದೆ ತಾಯಿ."

"ಮಾಲೀಕರಿಗೆ ಏನು ಹೇಳ್ಲಿ?"

"ಮಿಷನ್ ಸರಿಹೋಯ್ತು ಅಂತ ಹೇಳಿ. ಬಾಟಲಿ ವಿಷಯ ನಿಧಾನಕ್ಕೆ ಹೇಳಿ."

ಅವಳು ನಕ್ಕುಬಿಟ್ಟಳು. ಕೆಲಸ ಅವನ ಕೈಯಲ್ಲೇ ಉಳಿಯಿತು. ವಾಪಸ್ ಬರುವಾಗ ದಾರಿಯಲ್ಲಿ ಅವನು ಅಕ್ಕನಿಗೆ ಏನೋ ಹೇಳಿದ. ಪಕ್ಕದಲ್ಲಿ ನಡೆಯುತ್ತಿದ್ದವಳಿಗೆ ತಿಳಿಯಲಿಲ್ಲ. ಕಿವಿಯ ಮಿಷನ್ ಅಂಗಡಿಯ ಗುಂಡಿ ಡಬ್ಬಿಯಲ್ಲೇ ಉಳಿದಿತ್ತು. ಅವನು ಎರಡು ಹೆಜ್ಜೆ ಮುಂದೆ ಹೋಗಿ, ಹಿಂದಕ್ಕೆ ತಿರುಗಿ, ಅವಳ ಎದುರಿಗೆ ಹಿಮ್ಮುಖವಾಗಿ ನಡೆಯುತ್ತ ಅದನ್ನೇ ಇನ್ನೊಮ್ಮೆ ಹೇಳಿದ.

"ಮುಂದೆ ನೋಡ್ಕೊಂಡು ನಡಿಯೋ, ಬೀಳ್ತೀಯ," ಎಂದಳು ಅಕ್ಕ.

ಅಂಗಡಿಗೆ ಬಂದ ಮೇಲೆ ಡಬ್ಬಿಯ ಗುಂಡಿಗಳನ್ನೆಲ್ಲ ಪೇಪರಿನ ಮೇಲೆ ಸುರಿದು, ಅವೆರಡನ್ನು ಆರಿಸಿ ಅವನೇ ಅವಳ ಕೈಗಿಟ್ಟ.

ಹಾಗಂತ ಎಲ್ಲ ಮೊದಲಿನಂತಾಯಿತೆಂದಲ್ಲ. ಈಗ ಹೊಳೆಯುವುದು ನಿಧಾನ. ಕಥೆ ಸೂಜಿಯಿಂದ ಶುರುವಾಗುವುದಿಲ್ಲ. ಬಾಗಿಲಿನಿಂದ, ಕೆಲವೊಮ್ಮೆ ಬೀದಿಯಿಂದ ಶುರುವಾಗುತ್ತದೆ. ಅಕ್ಕ ನಡುವೆ ಪ್ರಶ್ನೆ ಕೇಳುತ್ತಾಳೆ. ಹಲವು ಪ್ರಶ್ನೆಗಳಿಂದ ಏನೂ ಉಪಯೋಗವಾಗುವುದಿಲ್ಲ, ಒಂದೆರಡರಿಂದ ಆಗುತ್ತದೆ, ಯಾವುದರಿಂದ ಆದೀತೆಂದು ಮೊದಲೇ ಹೇಳಲು ಬರುವುದಿಲ್ಲ. ಕೆಲವು ದಿನ ಜೆರಾಕ್ಸ್ ಯಂತ್ರದ ಗಲಾಟೆ ತಾಳಲಾರದೆ ಅವಳೇ ಮಿಷನ್ ತೆಗೆದಿಡುತ್ತಾಳೆ. ಕೂದಲು ಕಿವಿ ಮುಚ್ಚಿರುವುದರಿಂದ, ಯಾವ ಹೊತ್ತಿನಲ್ಲಿ ಕಿವಿ ಇದೆ, ಯಾವ ಹೊತ್ತಿನಲ್ಲಿ ಇಲ್ಲ ಎಂದು ತಮ್ಮನಿಗೆ ಗೊತ್ತಾಗುವುದಿಲ್ಲ. ಕೇಳಿದರೆ, "ನಿಂಗ್ಯಾಕೆ? ನಿನ್ನ ಕೆಲಸ ನೀನು ಮಾಡು," ಎನ್ನುತ್ತಾಳೆ.

ಮೊನ್ನೆ ಒಂದು ಹಳೇ ಯಂತ್ರ ಬಂದಿತ್ತು. ಅವನು ಅದರ ಹೊಟ್ಟೆಗೆ ಮೂಗು ತಾಗಿಸಿಕೊಂಡು, ದನಿ ಏರಿಸದೆ, ತಲೆ ಎತ್ತದೆ, ಈಗ ಕಿವಿ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿ ನೋಡಿದ.

"ದಾರ ಮೇಲಿಂದ ಇಳೀತಕ್ಕಾ."

"ಹೂಂ."

"ಕೊಕ್ಕೆ ಕಾಯ್ತಾ ಇತ್ತು."

"ಹೂಂ."

"ಪಕ್ಕದಲ್ಲಿ ಒಂದು ಆನೆ ಮಲಗಿತ್ತು."

"ಹೂಂ."

ಅವನು ತನ್ನಷ್ಟಕ್ಕೆ ನಕ್ಕು, ಸ್ಕ್ರೂ ತಿರುಗಿಸತೊಡಗಿದ. ಡಬ್ಬಿಯೊಳಗೆ ಒಂದು ಗುಂಡಿ ಬಿದ್ದ ಸದ್ದಾಯಿತು, ಇನ್ನೊಂದು ಬಿತ್ತು.

"ಅಲ್ವೋ," ಎಂದಳು ಅಕ್ಕ, "ಆನೆ ಎದ್ರೆ ಮೇಜು ಉಳಿಯುತ್ತಾ?"